ಮೊಟ್ಟೆ ಎಣಿಸುವವಳು

ಇರಬೇಕಾಗಿದ್ದ ಲಾಡಿಹುಳದ ಮೊಟ್ಟೆ ಇರಲಿಲ್ಲ, ಅಷ್ಟೇ. ಇಷ್ಟಕ್ಕೆಲ್ಲ ತಲೆ ಕೆಡಿಸಿಕೊಳ್ಳಬೇಕಾಗಿಲ್ಲ ಎಂದು ಮೂರನೇ ಸಲ ತನಗೆ ತಾನೇ ಹೇಳಿಕೊಂಡು ಅವಳು ಪುಸ್ತಕ ಮುಚ್ಚಿದಳು, ಮತ್ತೆ ತೆರೆದಳು. ಸಂಜೆ ನಾಲ್ಕರೊಳಗೆ ಪ್ರತಿ ಪುಟದ ಕೆಳಗೆ ‘ಎಣಿಸಿದವರು’ ಅಂತ ಇರುವ ಕಡೆ ಸಹಿ ಹಾಕಿ ಡಾಕ್ಟರ್ ಮೇಡಂ ಕೋಣೆಗೆ ತಲುಪಿಸಬೇಕಿತ್ತು. ಅರ್ಧ ಗಂಟೆಯ ಕೆಲಸ. ಆದರೆ ಇಪ್ಪತ್ತೆರಡು ವರ್ಷದಿಂದ ಕುರಿ ಮೇಕೆಗಳ ಹಿಕ್ಕೆಯಲ್ಲಿ ಹುಳದ ಮೊಟ್ಟೆ ಎಣಿಸಿಕೊಂಡು ಬಂದವಳಿಗೆ ಒಂದು ಚಾಳಿ ಇತ್ತು, ಸಹಿಗೆ ಮುಂಚೆ ಮೊದಲ ಪುಟದಿಂದ ಕೊನೇ ಪುಟದವರೆಗೆ ಒಂದೊಂದೇ ಸಾಲಿನ ಮೇಲೆ ಬೆರಳಾಡಿಸುವುದು. ಮೂರು ಗ್ರಾಂ ಹಿಕ್ಕೆ ತೂಗಿ, ಕುಟ್ಟಾಣಿಯಲ್ಲಿ ಅರೆದು, ಇನ್ನು ಕರಗಲಾರೆ ಅನ್ನುವಷ್ಟು ಉಪ್ಪು ಕರಗಿಸಿದ ನೀರು ಸುರಿದು, ಟೀ ಸೋಸುವ ಜಾಲರಿಯಲ್ಲೇ ಸೋಸಿ, ಗೆರೆ ಹೊಡೆದ ಗಾಜಿಗೆ ತುಂಬಿ ಐದು ನಿಮಿಷ ಬಿಟ್ಟರೆ ಮೊಟ್ಟೆಗಳೆಲ್ಲ ಮೇಲಕ್ಕೆ ತೇಲುತ್ತವೆ. ಆಮೇಲೆ ಮೈಕ್ರೋಸ್ಕೋಪಿನ ಕೆಳಗೆ ಗೆರೆಯಿಂದ ಗೆರೆಗೆ, ಎಡಗೈಯಲ್ಲಿ ಟಿಕ್ ಟಿಕ್ ಅನ್ನುವ ಎಣಿಕೆಯ ಯಂತ್ರ. ಈ ಪ್ರಯೋಗಕ್ಕೆ ಬೇಕಾಗಿದ್ದದ್ದು ರಕ್ತ ಹೀರುವ ದುಂಡುಹುಳದ ಮೊಟ್ಟೆ ಮಾತ್ರ. ಮೂಲೆ ಮೂಲೆಯಾಗಿ ಕಾಣುವ ಲಾಡಿಹುಳದ ಮೊಟ್ಟೆಯನ್ನು ಯಾರೂ ಕೇಳಿರಲಿಲ್ಲ. ಆದರೂ ಕಂಡದ್ದನ್ನು ಕಾಣಲಿಲ್ಲ ಅನ್ನೋದು ಹೇಗೆ ಅಂತ ಅವಳು ಪುಟದ ತೀರಾ ಅಂಚಿನಲ್ಲಿ ಒಂದು ಗೆರೆ ಎಳೆದು, ‘ಇತರೆ’ ಅಂತ ತಲೆಬರಹ ಕೊಟ್ಟು, ಅಲ್ಲಿ ‘ಇದೆ’ ಅಥವಾ ‘ಇಲ್ಲ’ ಎಂದು ಬರೆಯುತ್ತಿದ್ದಳು. ಆ ಕಾಲಂ ಕಂಪ್ಯೂಟರಿಗೆ ಹೋಗುತ್ತಿರಲಿಲ್ಲ, ಅದನ್ನು ಓದುವವರೂ ಇರಲಿಲ್ಲ.

ಪ್ರಯೋಗಕ್ಕೆ ಇಟ್ಟ ಸೊಪ್ಪು ಅಮ್ಮನದು. ಎರಡು ವರ್ಷದ ಹಿಂದೆ ಮೀಟಿಂಗಿನಲ್ಲಿ ಡಾಕ್ಟರ್ ಮೇಡಂ ಹುಳದ ಔಷಧಿಗೆಂದು ಪುಸ್ತಕದಿಂದ ಹುಡುಕಿ ತೆಗೆದ ಗಿಡಗಳ ಪಟ್ಟಿ ಓದುತ್ತಿದ್ದಾಗ, ಗಾಜಿನ ಪೆಟ್ಟಿಗೆ ಹಿಡಿದು ಬಾಗಿಲ ಬಳಿ ನಿಂತಿದ್ದ ಇವಳು, ಯಾರೂ ಕೇಳದೆ, ‘ನಮ್ಮಮ್ಮ ಕುರಿಗಳಿಗೆ ಒಂದು ಸೊಪ್ಪು ಕೊಡ್ತಾಳೆ’ ಅಂದುಬಿಟ್ಟಿದ್ದಳು. ಎಲ್ಲರೂ ತಿರುಗಿ ನೋಡಿದರು. ಇಪ್ಪತ್ತು ವರ್ಷ ಆ ಕೋಣೆಗೆ ಹೋಗಿ ಬಂದು ಮಾಡಿದ್ದರೂ ಅಲ್ಲಿ ಅವಳ ಬಾಯಿಂದ ಬಂದ ಮೊದಲನೇ ಮಾತು ಅದು. ‘ಮೊಟ್ಟೆಯಕ್ಕ ಇನ್ಮೇಲೆ ಸೊಪ್ಪಿನಕ್ಕ’ ಎಂದು ಹಿಂದಿನ ಕುರ್ಚಿಯಿಂದ ಯಾರೋ ಅಂದರು, ನಕ್ಕರು. ಡಾಕ್ಟರ್ ಮೇಡಂ ಮಾತ್ರ ನಗಲಿಲ್ಲ. ಮೇಡಂ ಈ ಸಂಸ್ಥೆಗೆ ವಿದ್ಯಾರ್ಥಿಯಾಗಿ ಬಂದಾಗ ಮೊಟ್ಟೆ ಯಾವುದು ಗಾಳಿಗುಳ್ಳೆ ಯಾವುದು ಅಂತ ತೋರಿಸಿಕೊಟ್ಟವಳು ಇವಳೇ. ಆಗ ಆ ಹುಡುಗಿ ‘ಅಕ್ಕಾ, ಅಕ್ಕಾ’ ಅಂತ ಬೆನ್ನಿಗೇ ಅಂಟಿಕೊಂಡಿರುತ್ತಿತ್ತು. ಈಗ ಮೇಡಂ ಆದಮೇಲೆ ‘ನೀವು’ ಅಂತ ಗೌರವ ಕೊಡುತ್ತಾಳೆ, ಅಕ್ಕ ಅನ್ನೋದು ಯಾವತ್ತು ನಿಂತಿತು ಅಂತ ಇವಳಿಗೆ ಗೊತ್ತಿಲ್ಲ. ‘ತಂದುಕೊಡಿ, ನೋಡೋಣ’ ಅಂದಳು ಮೇಡಂ. ಅಮ್ಮ ಮಾತ್ರ ಸುಲಭಕ್ಕೆ ಒಪ್ಪಲಿಲ್ಲ. ‘ನಿಮ್ಮ ದೊಡ್ಡ ದೊಡ್ಡ ಡಾಕ್ಟರುಗಳಿಗೆ ನಮ್ಮ ಸೊಪ್ಪು ಯಾವ ಲೆಕ್ಕ, ಬಿಡೇ’ ಅಂದಳು. ಎರಡನೇ ಸಲ ಹೋದಾಗ ಮೈಗೆ ಸರಿ ಇಲ್ಲ ಅಂದಳು. ಅಮ್ಮನ ಸಂಕೋಚ ಅಂದುಕೊಂಡ ಇವಳಿಗೆ ಹೆಮ್ಮೆ ಇನ್ನೂ ಹೆಚ್ಚಾಯಿತು. ಸುತ್ತಮುತ್ತಲಿನ ಕುರಿಯವರೆಲ್ಲ ಅಮ್ಮನ ಬಾಗಿಲಿಗೆ ಬರುತ್ತಿದ್ದರು, ಅಮ್ಮ ಕುರಿಯ ಕೆಳರೆಪ್ಪೆ ಎಳೆದು ನೋಡುತ್ತಿದ್ದಳು, ಕೆಂಪಿದ್ದರೆ ಹೋಗು ಅನ್ನುತ್ತಿದ್ದಳು, ಬಿಳಿಚಿಕೊಂಡಿದ್ದರೆ ಒಳಗೆ ಹೋಗಿ ಸೊಪ್ಪು ಅರೆದು ಉಂಡೆ ಕಟ್ಟಿ ತಂದು ಗಂಟಲಿಗೆ ಇಳಿಸುತ್ತಿದ್ದಳು. ಅಂಥ ಕೈಯನ್ನು ಯಾರೂ ಒಂದು ಹಾಳೆಯ ಮೇಲೆ ಬರೆದಿರಲಿಲ್ಲವಲ್ಲ ಅನ್ನೋದೇ ಇವಳ ಕೊರಗು. ಮೂರನೇ ಸಲ ಹೋದಾಗ ಅಮ್ಮ ಮಾತಿಲ್ಲದೆ ಗಿಡ ತೋರಿಸಿದಳು. ಮೇಡಂ ತೆಗೆದ ಫೋಟೋದಲ್ಲಿ ಒಂದು ರೆಂಬೆ ಹಿಡಿದು ನಿಂತಿದ್ದಾಳೆ, ಮುಖ ಸಿಂಡರಿಸಿಕೊಂಡು. ವರದಿಯ ಕೊನೇ ಪುಟದಲ್ಲಿ ಆ ಫೋಟೋ ಬರುತ್ತೆ, ಕೆಳಗೆ ಅಮ್ಮನ ಹೆಸರು.

ಗಾಜಿನ ತಟ್ಟೆಯಲ್ಲಿ ಮರಿಹುಳಗಳ ಮೇಲೆ ಸೊಪ್ಪಿನ ರಸ ಹಾಕಿದಾಗ ಅರ್ಧ ಸತ್ತವು, ಅರ್ಧ ಈಜಾಡಿಕೊಂಡೇ ಇದ್ದವು. ‘ಪರವಾಗಿಲ್ಲ’ ಅಂದಿದ್ದಳು ಮೇಡಂ, ಆ ಪರವಾಗಿಲ್ಲದ ದನಿ ಕೇಳಿ ಇವಳು ಊಟ ಬಿಟ್ಟಿದ್ದಳು. ಆಮೇಲೆ ಮೂವತ್ತು ಕುರಿ ಬಂದವು. ಹತ್ತಕ್ಕೆ ಬರೀ ನೀರು, ಹತ್ತಕ್ಕೆ ಅಂಗಡಿಯ ಬಿಳಿ ಔಷಧಿ, ಹತ್ತಕ್ಕೆ ಸೊಪ್ಪಿನ ರಸ. ಯಾವ ಕುರಿಗೆ ಯಾವುದು ಅಂತ ಎಣಿಸುವವಳಿಗೆ ಗೊತ್ತಾಗಕೂಡದು, ಗೊತ್ತಾದರೆ ಕಣ್ಣು ತನಗೆ ಬೇಕಾದ್ದನ್ನೇ ನೋಡುತ್ತೆ, ಹಾಗಂತ ನಿಯಮ. ಔಷಧಿ ಕುಡಿಸುವವನಿಗೆ ಗೊತ್ತಿರಲೇಬೇಕಲ್ಲ. ಕುಡಿಸುವವನು ಅವಳ ಗಂಡ. ಇಬ್ಬರನ್ನೂ ಕೂರಿಸಿಕೊಂಡು ಮೇಡಂ, ‘ಆರು ವಾರ ಕುರಿಯ ಮಾತು ಮನೆಗೆ ಹೋಗಬಾರದು’ ಅಂತ ಬರೆಸಿಕೊಂಡಿದ್ದಳು. ಆ ಆರು ವಾರ ಮನೆಯಲ್ಲಿ ಎಷ್ಟು ಚೆನ್ನಾಗಿತ್ತು. ತಟ್ಟೆ ಮುಂದೆ ಕೂತಾಗ ಅವನು ಸುಮ್ಮನೆ ‘ಬ್ಯಾ’ ಅನ್ನುತ್ತಿದ್ದ, ಇವಳು ‘ಶ್, ಬರೆದುಕೊಟ್ಟಿದೀವಿ’ ಅನ್ನುತ್ತಿದ್ದಳು, ಮದುವೆಯಾಗಿ ಇಷ್ಟು ವರ್ಷಕ್ಕೆ ಗಂಡ ಹೆಂಡತಿ ನಡುವೆ ಒಂದು ಗುಟ್ಟು ಅಂತ ಇದ್ದರೆ ಇಷ್ಟು ಸಲುಗೆ ಬರುತ್ತಾ ಅಂತ ಅವಳಿಗೆ ಒಳಗೊಳಗೇ ನಗು. ಒಂದು ಸಂಜೆ ಬಟ್ಟೆ ಮಡಿಸುತ್ತ, ‘ಸೊಪ್ಪು ಗೆಲ್ಲುತ್ತಾ ರೀ?’ ಅಂತ ತಡೆಯಲಾರದೆ ಕೇಳಿದ್ದಳು. ‘ಬರೆದುಕೊಟ್ಟಿದೀವಿ’ ಎಂದು ಅವಳ ಮಾತನ್ನೇ ಅವಳಿಗೆ ತಿರುಗಿಸಿ ಅವನು ಎದ್ದು ಹೋಗಿದ್ದ. ತಮಾಷೆ ಅಂದುಕೊಂಡಿದ್ದಳು.

ನಿನ್ನೆ ಮಧ್ಯಾಹ್ನ ಮೇಡಂ ಎಲ್ಲರ ಮುಂದೆ ಲಕೋಟೆ ಒಡೆದು ಯಾವ ನಂಬರಿಗೆ ಯಾವ ಔಷಧಿ ಅಂತ ಓದಿದಳು. ಸೊಪ್ಪು ಕುಡಿದ ಹತ್ತು ಕುರಿಗಳಲ್ಲಿ ನೂರಕ್ಕೆ ತೊಂಬತ್ತಾರು ಮೊಟ್ಟೆ ಹೋಗಿದ್ದವು. ಬಿಳಿ ಔಷಧಿಗೆ ತೊಂಬತ್ತೇಳು. ಚಪ್ಪಾಳೆ ಬಿತ್ತು, ಸಿಹಿ ಬಂತು, ಮೇಡಂ ಇವಳ ಎರಡೂ ಕೈ ಹಿಡಿದುಕೊಂಡು ‘ನಿಮ್ಮ ಅಮ್ಮನಿಗೆ ಹೇಳಿ’ ಅಂದಳು. ಇವಳು ಹೇಳಿದ್ದಳು ಕೂಡ, ಫೋನಿನಲ್ಲಿ, ಅಂಕಿಯನ್ನು ಎರಡೆರಡು ಸಲ. ಅಮ್ಮ ‘ಹೌದಾ’ ಅಂದಳು, ‘ಒಳ್ಳೇದಾಯ್ತು’ ಅಂದಳು, ‘ಒಲೆ ಮೇಲೆ ಏನೋ ಇದೆ’ ಅಂತ ಇಟ್ಟುಬಿಟ್ಟಳು.

ಮತ್ತೆ ಈಗ ಬೆರಳು ಆ ಅಂಚಿನ ಕಾಲಮ್ಮಿನ ಮೇಲೆ ನಿಂತಿತ್ತು. ನೀರು ಕುಡಿದ ಹತ್ತು ಕುರಿಯಲ್ಲಿ ಐದಕ್ಕೆ ಲಾಡಿಹುಳ ಮೊದಲೂ ‘ಇದೆ’, ಆರನೇ ವಾರವೂ ‘ಇದೆ’. ಬಿಳಿ ಔಷಧಿಯವಕ್ಕೆ ಒಂದನೇ ವಾರದಿಂದಲೇ ‘ಇಲ್ಲ’, ಅದು ಸರಿ, ಬಿಳಿ ಔಷಧಿ ಲಾಡಿಹುಳವನ್ನೂ ಬಿಡೋದಿಲ್ಲ. ಸೊಪ್ಪಿನವುಗಳಲ್ಲಿ ನಂಬರು ಮೂರು, ಏಳು, ಹನ್ನೆರಡು, ಹದಿನಾಲ್ಕು, ಇಪ್ಪತ್ತೊಂದು, ಇಪ್ಪತ್ತೆಂಟು. ಮೊದಲು ‘ಇದೆ’. ಔಷಧಿ ಕುಡಿಸಿದ ಒಂದು ವಾರಕ್ಕೆ ಆರೂ ‘ಇಲ್ಲ’. ‘ಲಾಡಿಹುಳಕ್ಕೆ ನನ್ನ ಸೊಪ್ಪು ಆಗಲ್ಲ, ಅದು ಜಪ್ಪಯ್ಯ ಅಂದ್ರೂ ಬೀಳಲ್ಲ’ ಅಂತ ಅಮ್ಮ ಬಂದವರಿಗೆಲ್ಲ ಹೇಳಿ ಕಳಿಸುತ್ತಿದ್ದದ್ದನ್ನು ಇವಳು ಲಂಗ ಹಾಕಿಕೊಳ್ಳುವ ಕಾಲದಿಂದ ಕೇಳಿದ್ದಳು. ತನ್ನ ಔಷಧಿಗೆ ಆಗದ್ದನ್ನು ಆಗಲ್ಲ ಅನ್ನುವವಳು ಅಮ್ಮ, ಅದಕ್ಕೇ ಅವಳನ್ನು ನಂಬಬೇಕು ಅಂತ ಇವಳ ಲೆಕ್ಕಾಚಾರ. ಮೊದಲು ತನ್ನ ಮೇಲೇ ಅನುಮಾನ ಪಟ್ಟಳು. ನಂಬರು ಅದಲುಬದಲಾಯಿತಾ, ಕಣ್ಣು ಮೋಸ ಮಾಡಿತಾ, ನಲವತ್ತೆಂಟು ವರ್ಷದ ಕಣ್ಣು. ಎತ್ತಿಟ್ಟಿದ್ದ ಸೀಸೆಗಳಲ್ಲಿ ಏಳು ಮತ್ತು ಇಪ್ಪತ್ತೊಂದನ್ನು ತೆಗೆದು ಮತ್ತೆ ನೋಡಿದಳು. ಇರಲಿಲ್ಲ. ಕಾಣದ್ದನ್ನು ನೋಡಲು ಇಷ್ಟು ಹೊತ್ತು ಬೇಕಾಗುತ್ತೆ ಅಂತ ಅವಳಿಗೆ ಗೊತ್ತಿರಲಿಲ್ಲ, ಕತ್ತು ಹಿಡಿದುಕೊಂಡಿತ್ತು. ಎಪ್ರನ್ ಬಿಚ್ಚದೆ ಹಾಗೇ ಹೊರಟಳು.

ಕುರಿ ಕೊಟ್ಟಿಗೆ ಕಟ್ಟಡದ ಹಿಂದೆ, ಸೈಕಲ್ ನಿಲ್ಲಿಸುವ ಜಾಗ ದಾಟಿ. ಗಂಡ ಪೈಪು ಹಿಡಿದು ಸಿಮೆಂಟು ನೆಲ ತೊಳೆಯುತ್ತಿದ್ದ. ಪ್ಯಾಂಟಿನ ಕಾಲು ಮೊಣಕಾಲವರೆಗೆ ಮಡಿಸಿತ್ತು. ಅವಳನ್ನು ನೋಡಿ ‘ಬ್ಯಾ’ ಅಂದ, ಈಗ ಅನ್ನಬಹುದು, ಲಕೋಟೆ ಒಡೆದಾಯಿತು.

‘ಒಂದು ಮಾತು ಕೇಳಬೇಕು ರೀ.’

‘ಕೇಳು.’

‘ಸೊಪ್ಪಿನ ಕುರಿಗಳಿಗೆ ಏನು ಕೊಟ್ರಿ?’

‘ಇನ್ನೇನು ಕೊಡ್ತಾರೆ, ಸೊಪ್ಪು.’

‘ಸೊಪ್ಪಿನ ಜೊತೆಗೆ?’

ಅವನು ಹೋಗಿ ನಲ್ಲಿ ನಿಲ್ಲಿಸಿ ಬಂದ. ಯಾರ ಜೊತೆ ಮಾತಾಡುವಾಗಲೂ ಅವನು ನಲ್ಲಿ ನಿಲ್ಲಿಸಿದ್ದನ್ನು ಅವಳು ನೋಡಿರಲಿಲ್ಲ. ನಿರ್ದೇಶಕರು ಬಂದಾಗಲೂ ನೀರು ಹರಿಯುತ್ತಲೇ ಇರುತ್ತಿತ್ತು.

‘ಲಾಡಿಹುಳ ಬಿದ್ದು ಹೋಗಿದೆ, ಆರಕ್ಕೂ’ ಅಂದಳು.

‘ಅದನ್ನೂ ನೋಡ್ತಾರಾ?’

‘ನಾನು ನೋಡ್ತೀನಿ.’

ಅವನು ಪೈಪನ್ನು ಸುರುಳಿ ಸುತ್ತತೊಡಗಿದ, ಅಷ್ಟು ನೀಟಾಗಿ ಸುತ್ತುವ ಅಗತ್ಯ ಇರಲಿಲ್ಲ. ಸುತ್ತುತ್ತಲೇ ಹೇಳಿದ. ‘ನೋಡು, ನಾನು ಮೋಸ ಮಾಡಿಲ್ಲ. ನಿಮ್ಮಮ್ಮ ಹೇಗೆ ಕೊಡ್ತಾರೋ ಹಾಗೇ ಕೊಟ್ಟಿದೀನಿ. ಒಂದು ಚೂರು ಹೆಚ್ಚಿಲ್ಲ, ಕಮ್ಮಿ ಇಲ್ಲ. ಸೊಪ್ಪು, ಅದಕ್ಕೆ ಬಿಳಿ ಔಷಧಿ. ಅವರು ಅದೇ ಔಷಧಿಯ ಗುಳಿಗೆ ಪುಡಿ ಮಾಡಿ ಉಂಡೆಯಲ್ಲಿ ಸೇರಿಸ್ತಾರೆ, ನಾನು ರಸದಲ್ಲಿ ಸೇರಿಸ್ದೆ. ಕಡುಹಸಿರು ರಸ, ಅದರಲ್ಲಿ ಬಿಳಿ ಎಲ್ಲಿ ಕಾಣುತ್ತೆ.’

‘ಯಾರು ಸೇರಿಸ್ತಾರೆ?’ ಅಂದಳು ಅವಳು. ಕೇಳಿಸಿರಲಿಲ್ಲ ಅಂತಲ್ಲ.

‘ನಿಮ್ಮಮ್ಮ. ಹನ್ನೊಂದು ವರ್ಷ ಆಯ್ತು. ಪಕ್ಕದವರ ಒಂಬತ್ತು ಕುರಿ ಸತ್ತವಲ್ಲ, ಆ ವರ್ಷದಿಂದ. ಗುಳಿಗೆ ನಾನೇ ಕೊಡ್ತಾ ಬಂದಿದೀನಿ, ಇಲ್ಲಿಂದಾನೇ, ತಾರೀಖು ಮುಗಿಯೋಕೆ ಬಂದವು. ಇದೊಂದು ಸಲ ಅಂದ್ರು ಆವಾಗ. ಪಾಪ, ಅಳ್ತಾ ಇದ್ರು. ಆಮೇಲೆ ಜನ ಬರೋದು ನಿಲ್ಲಲಿಲ್ಲ, ಇವರೂ ನಿಲ್ಲಿಸಲಿಲ್ಲ.’

‘ಸೊಪ್ಪು?’

‘ಸೊಪ್ಪು ಮೊದಲು ಕೆಲಸ ಮಾಡ್ತಿತ್ತೋ ಏನೋ, ನನಗೊತ್ತಿಲ್ಲ. ನೀನು ಇಲ್ಲಿ ಹೋಗಿ ಅಮ್ಮನ ಸೊಪ್ಪು ಅಮ್ಮನ ಸೊಪ್ಪು ಅಂತ ಟಾಂ ಟಾಂ ಮಾಡಿದಾಗ ನಮ್ಮಿಬ್ಬರಿಗೂ ಜೀವ ಬಾಯಿಗೆ ಬಂದಿತ್ತು. ಬರೀ ಸೊಪ್ಪು ಕೊಟ್ಟು ಇಲ್ಲಿ ಏನೂ ಆಗಲಿಲ್ಲ ಅಂದ್ರೆ ಆ ಮುದುಕಿ ಗತಿ ಏನು? ಅಲ್ಲಿ ಆಗುತ್ತೆ ಇಲ್ಲಿ ಯಾಕೆ ಆಗಲ್ಲ ಅಂತ ಕೇಳಲ್ವಾ ಜನ?’

ಅವಳಿಗೆ ತಟ್ಟನೆ ನೆನಪಾದದ್ದು ಅರೆಯುವ ಕಲ್ಲು. ಯಾವ ವರ್ಷವೋ, ಯಾರದೋ ಮದುವೆಗೆ ಹೋದವಳು ಅಮ್ಮನ ಮನೆಯಲ್ಲಿ ಉಳಿದಿದ್ದಳು, ಹಿತ್ತಲಿಗೆ ಬಂದಾಗ ಕಲ್ಲಿನ ಅಂಚಿನಲ್ಲಿ ಬೆಳ್ಳಗೆ ಪುಡಿ ಮೆತ್ತಿಕೊಂಡಿತ್ತು. ‘ಇದೇನಮ್ಮಾ?’ ‘ಉಪ್ಪು ಕಣೆ. ಸೊಪ್ಪು ಕಹಿ, ಉಪ್ಪಿಲ್ಲದೆ ನುಂಗಲ್ಲ ಇವು.’ ಉಪ್ಪು. ದಿನಾ ಕಿಲೋಗಟ್ಟಲೆ ಉಪ್ಪು ಕರಗಿಸುವವಳು ಅವಳು. ಹರಳು ಹೊಳೆಯುತ್ತೆ, ಕೈಗೆ ಹತ್ತಿದರೆ ಪಸೆಯಾಗುತ್ತೆ. ಅದು ಹೊಳೆಯುತ್ತಿರಲಿಲ್ಲ, ಸೀಮೆಸುಣ್ಣದ ಹಾಗೆ ಸತ್ತ ಬಿಳಿ. ಹೂಂ ಅಂದು ಒಳಗೆ ಹೋಗಿ ಟೀ ಕುಡಿದಳು. ಬೆರಳಿಗೆ ಹತ್ತಿಸಿಕೊಂಡು ನಾಲಿಗೆಗಿಟ್ಟು ನೋಡಬಹುದಿತ್ತು, ಯಾಕೆ ನೋಡಲಿಲ್ಲ? ಇಲ್ಲಿ ಕೂದಲೆಳೆಯಷ್ಟು ವ್ಯತ್ಯಾಸಕ್ಕೂ ಎರಡು ಸಲ ನೋಡುವ ಕಣ್ಣು ಅಲ್ಲಿ ಮಗಳ ಕಣ್ಣಾಗಿ ಸುಮ್ಮನಾಗಿಬಿಟ್ಟಿತು. ಹೀಗೆ ಅಂದುಕೊಂಡು ಅವಳಿಗೆ ಸಮಾಧಾನವೇನೂ ಆಗಲಿಲ್ಲ.

‘ನನಗ್ಯಾಕೆ ಹೇಳಲಿಲ್ಲ?’ ಅಂದಳು.

‘ನಿನಗೆ ಹೇಳಿದ್ರೆ ನೀನು ಬರೆದಿಡ್ತೀಯ’ ಅಂದ ಅವನು. ‘ಯಾವುದನ್ನ ಬರೆಯದೆ ಬಿಟ್ಟಿದೀಯ ನೀನು?’

ಬೈದಿದ್ದರೆ ತಡೆದುಕೊಳ್ಳುತ್ತಿದ್ದಳು. ಹೆಂಡತಿಯ ಗುಣ ಹೇಳಿ ಮೆಚ್ಚಿಕೊಳ್ಳುವ ದನಿಯಲ್ಲಿ ಅಂದ. ‘ಹೋಗು, ಸಹಿ ಹಾಕು’ ಅಂತಲೂ ಅಂದ, ‘ನೀನು ಎಣಿಸಿದ್ದು ಸರಿಯಾಗೇ ಇದೆಯಲ್ಲ. ಸುಳ್ಳಿನ ಪಾಲು ನಮ್ಮದು, ನಿನ್ನದಲ್ಲ.’ ನಮ್ಮದು. ಅವನೂ ಅಮ್ಮನೂ ಸೇರಿದರೆ ‘ನಾವು’. ಹಬ್ಬಕ್ಕೋ ಹುಟ್ಟಿದ ದಿನಕ್ಕೋ ಅಮ್ಮನ ಮನೆಗೆ ಹೊರಟಾಗಲೆಲ್ಲ ಇವನು ತಾನೇ ಚೀಲ ಹೊತ್ತುಕೊಳ್ಳುತ್ತಿದ್ದ, ಅಳಿಯ ಅಂದ್ರೆ ಹೀಗಿರಬೇಕು ಅಂತ ಇವಳ ಗೆಳತಿಯರು ಹೊಟ್ಟೆಕಿಚ್ಚು ಪಟ್ಟುಕೊಳ್ಳುತ್ತಿದ್ದರು. ಅಮ್ಮ ಅವನಿಗೆ ಎರಡು ಸಲ ಬಡಿಸುತ್ತಿದ್ದಳು. ಅತ್ತೆ ಅಳಿಯ ಹಿತ್ತಲಲ್ಲಿ ನಿಂತು ಮಾತಾಡುತ್ತಿದ್ದರೆ, ನನ್ನ ಪುಣ್ಯ, ಇವರಿಬ್ಬರಿಗೂ ಎಷ್ಟು ಹೊಂದಿಕೆ ಅಂತ ಇವಳು ಕಿಟಕಿಯಿಂದ ನೋಡಿ ಬೀಗುತ್ತಿದ್ದಳು.

ವಾಪಸು ಬರುವಾಗ ಮೊಬೈಲು ಕೈಯಲ್ಲಿತ್ತು. ಅಮ್ಮನ ನಂಬರು ತೆರೆದಳು, ಒತ್ತಲಿಲ್ಲ. ಏನಂತ ಕೇಳೋದು? ಹನ್ನೊಂದು ವರ್ಷ ಇಬ್ಬರೂ ಸೇರಿ ನನ್ನನ್ನು ಒಂದು ಮಾತು ಕೇಳಿದರಾ, ನಾನ್ಯಾಕೆ ಕೇಳಲಿ. ನಿನ್ನೆ ಅಂಕಿಯನ್ನು ಎರಡೆರಡು ಸಲ ಹೇಳಿದ್ದು ನೆನಪಾಗಿ ಮುಖಕ್ಕೆ ರಕ್ತ ನುಗ್ಗಿತು. ‘ಹೌದಾ, ಒಳ್ಳೇದಾಯ್ತು’. ಒಲೆ ಮೇಲೆ ಏನೂ ಇರಲಿಲ್ಲ, ಏನೂ. ಮೊಬೈಲನ್ನು ಎಪ್ರನ್ ಜೇಬಿಗೆ ಹಾಕಿಕೊಂಡು ಕೂತಳು. ಸಹಿ ಹಾಕಿದರೆ ಏನಾಗುತ್ತೆ ಅಂತ ಶಾಂತವಾಗಿ ಯೋಚಿಸಲು ನೋಡಿದಳು. ವರದಿ ಹೋಗುತ್ತೆ. ಮುಂದಿನ ವರ್ಷದ ಹೊತ್ತಿಗೆ ಹಳ್ಳಿ ಹಳ್ಳಿಗೆ ಒಂದು ಹಾಳೆ ಹೋಗುತ್ತೆ, ಈ ಸೊಪ್ಪು ಇಷ್ಟು ಕೊಟ್ಟರೆ ಸಾಕು, ಬೇರೆ ಔಷಧಿ ಬೇಡ. ಅಮ್ಮ ಎಲ್ಲೆಲ್ಲಿ ಅಂತ ಗುಳಿಗೆ ಪುಡಿ ಮಾಡಿಕೊಂಡು ಹೋಗಲಾಗುತ್ತೆ? ಯಾರೋ ನಂಬುತ್ತಾಳೆ, ಇವಳ ಹಾಗೇ ಅಚ್ಚಾದ ಅಕ್ಷರ ನಂಬುವವಳು. ಬರೀ ಸೊಪ್ಪು ಅರೆದು ಕೊಡುತ್ತಾಳೆ. ಕುರಿಯ ರೆಪ್ಪೆ ಒಳಗಡೆ ಬೆಳ್ಳಗಾಗುತ್ತೆ, ಗದ್ದದ ಕೆಳಗೆ ನೀರು ತುಂಬಿ ಜೋತುಬೀಳುತ್ತೆ, ಮೇಯ್ದುಕೊಂಡೇ ಇರುತ್ತೆ, ಒಂದು ಬೆಳಗ್ಗೆ ಏಳೋದಿಲ್ಲ. ಪಕ್ಕದವರ ಒಂಬತ್ತು ಕುರಿಯನ್ನು ಸಾಲಾಗಿ ಮಲಗಿಸಿದ್ದನ್ನು ಅವಳು ಕಣ್ಣಾರೆ ನೋಡಿದ್ದಳು. ‘ತಡವಾಗಿ ತಂದ್ರು, ನಾನೇನು ಮಾಡಲಿ’ ಅಂದಿದ್ದಳು ಅಮ್ಮ ಅವತ್ತು, ಇವಳು ಅಮ್ಮನ ಪರವಾಗಿ ಪಕ್ಕದವಳ ಜೊತೆ ಜಗಳವನ್ನೇ ಆಡಿದ್ದಳು, ಗಂಡ ಇಲ್ಲದ ಆ ಹೆಂಗಸಿನ ಜೊತೆ, ‘ನಿಮಗೆ ನಿಯತ್ತಿಲ್ಲ’ ಅನ್ನುವವರೆಗೆ. ಸಹಿ ಹಾಕದಿದ್ದರೆ ಗಂಡನ ಕೆಲಸ ಹೋಗುತ್ತೆ. ಅಮ್ಮನ ಬಾಗಿಲಿಗೆ ಇನ್ನು ಯಾರೂ ಬರೋದಿಲ್ಲ, ಬಂದರೂ ಕೇಳಬಾರದ್ದು ಕೇಳಿ ಹೋಗುತ್ತಾರೆ. ಎರಡೂ ಕಡೆ ಇಟ್ಟು ತೂಗಿದಳು, ಗ್ರಾಂ ಲೆಕ್ಕದಲ್ಲಿ ತೂಗುವ ಕೈ, ಈ ತಕ್ಕಡಿ ಮಾತ್ರ ಒಂದು ಕಡೆಗೂ ನಿಲ್ಲಲಿಲ್ಲ. ಮೂರೂವರೆಗೆ ಎದ್ದಳು.

ಡಾಕ್ಟರ್ ಮೇಡಂ ವರದಿಯ ಮುಖಪುಟದ ಬಣ್ಣ ಆರಿಸುತ್ತಿದ್ದಳು. ‘ಬನ್ನಿ, ಇದು ಚೆನ್ನಾಗಿದೆಯಾ, ಇದಾ?’ ಅಂತ ಎರಡು ಹಸಿರು ತೋರಿಸಿದಳು. ಇವಳಿಗೆ ಎರಡೂ ಒಂದೇ ಥರ ಕಂಡವು. ಕೂರದೆ, ಪುಸ್ತಕ ತೆರೆದು, ಅಂಚಿನ ಕಾಲಂ ಮೇಲೆ ಬೆರಳಿಟ್ಟು, ಯಾವುದನ್ನೂ ಮುಚ್ಚಿಡದೆ ಹೇಳಿದಳು. ಸೊಪ್ಪಿನ ರಸದಲ್ಲಿ ಬಿಳಿ ಔಷಧಿ ಇತ್ತು. ಹಾಕಿದ್ದು ನನ್ನ ಗಂಡ. ನಮ್ಮಮ್ಮ ಕೊಡೋದೂ ಹಾಗೇ ಅಂತೆ. ಹೇಳುವಾಗ ತನ್ನ ದನಿ ಇಷ್ಟು ಸಲೀಸಾಗಿ ಬರುತ್ತಿರುವುದು ಅವಳಿಗೇ ಅಸಹ್ಯ ಅನ್ನಿಸಿತು. ಯಾರದೋ ಕುರಿ ಸಾಯಬಾರದು ಅಂತ ಹೇಳುತ್ತಿದ್ದೀನಾ, ಇಬ್ಬರಿಗೂ ಆಗಬೇಕು, ಚೆನ್ನಾಗಿ ಆಗಬೇಕು ಅನ್ನುವ ಹೊಟ್ಟೆಯುರಿಗೆ ಹೇಳುತ್ತಿದ್ದೀನಾ?

ಮೇಡಂ ಪುಸ್ತಕವನ್ನು ತನ್ನ ಕಡೆ ತಿರುಗಿಸಿಕೊಂಡು ಆ ಕಾಲಂ ನೋಡಿದಳು. ‘ಇದನ್ನ ನಾನು ಯಾವತ್ತೂ ನೋಡಿರಲಿಲ್ಲ’ ಅಂದಳು. ಆಮೇಲೆ, ‘ನೀವು ಹೇಳದೆ ಇದ್ದಿದ್ರೆ ಯಾರಿಗೂ ಗೊತ್ತಾಗ್ತಿರಲಿಲ್ಲ’ ಅಂದಳು. ಹೇಳಿದ್ದಕ್ಕೆ ಸಂತೋಷ ಪಟ್ಟ ಹಾಗೆ ಕೇಳಲಿಲ್ಲ ಅದು.

‘ಹೌದು ಮೇಡಂ.’

‘ನಿಮಗೆ ಯಾವಾಗ ಗೊತ್ತಾಯ್ತು?’

‘ಇವತ್ತು ಬೆಳಗ್ಗೆ.’

ಮೇಡಂ ಕನ್ನಡಕ ತೆಗೆದು ಮೇಜಿನ ಮೇಲಿಟ್ಟಳು. ವಿದ್ಯಾರ್ಥಿಯಾಗಿದ್ದಾಗ ಗಾಳಿಗುಳ್ಳೆಯನ್ನು ಮೊಟ್ಟೆ ಅಂತ ಎಣಿಸಿ ಸಿಕ್ಕಿಬಿದ್ದಾಗ ಹೀಗೇ ತೆಗೆಯುತ್ತಿದ್ದಳು. ‘ಅಮ್ಮ ಔಷಧಿ ಮಾಡ್ತಾರೆ. ಗಂಡ ಕುಡಿಸ್ತಾರೆ. ನೀವು ಎಣಿಸ್ತೀರ. ನಿಮಗೊಬ್ಬರಿಗೇ ಗೊತ್ತಿರಲಿಲ್ಲ’ ಅಂದಳು. ಪ್ರಶ್ನೆಯ ದನಿಯಲ್ಲ ಅದು. ‘ನಾನು ನಂಬ್ತೀನಿ ಅಂತಾನೇ ಇಟ್ಕೊಳ್ಳಿ. ಉಳಿದವರು ಕೇಳಲ್ವಾ? ಮನೇಲಿ ಒಂದೇ ತಟ್ಟೆ ಮುಂದೆ ಕೂರ್ತೀರ. ವಿಚಾರಣೆ ಆಗುತ್ತೆ. ಈ ಎಣಿಕೆ ಯಾವುದೂ ಇನ್ನು ಬಳಸೋಕಾಗಲ್ಲ. ನಿಮ್ಮ ಹಿಂದಿನ ಪುಸ್ತಕಗಳನ್ನೂ ಹೊರಗೆ ತೆಗೆಸಬೇಕಾಗುತ್ತೆ.’

‘ಹಿಂದಿನವು ಯಾಕೆ?’

‘ಯಾಕೆ ಅಂದ್ರೆ ಏನು ಹೇಳಲಿ.’

ಇಪ್ಪತ್ತೆರಡು ವರ್ಷದ ಪುಸ್ತಕಗಳು ಉಗ್ರಾಣದ ಕಬ್ಬಿಣದ ಕಪಾಟಿನಲ್ಲಿದ್ದವು, ಬೆನ್ನಿಗೆ ಇವಳೇ ಅಂಟಿಸಿದ ಚೀಟಿ, ಇವಳ ಅಕ್ಷರ. ಒಂದು ಅಂಕಿ ತಿದ್ದಬೇಕಾಗಿ ಬಂದರೂ ಅಳಿಸದೆ ಗೆರೆ ಹೊಡೆದು ಪಕ್ಕದಲ್ಲಿ ಸಹಿ ಹಾಕಿದವಳು. ಅವನ್ನೆಲ್ಲ ಯಾರೋ ತಂದು ಮೇಜಿನ ಮೇಲೆ ಸುರಿದು, ಕಳ್ಳಮಾಲು ಹುಡುಕಿದ ಹಾಗೆ ಪುಟ ತಿರುವುತ್ತಾರೆ. ಗಂಡ ಅಂದಿದ್ದ, ಸುಳ್ಳಿನ ಪಾಲು ನಿನ್ನದಲ್ಲ ಅಂತ. ‘ಹೋಗಿ, ನಡೆದದ್ದನ್ನೆಲ್ಲ ಬರೆದು ತನ್ನಿ. ನಿಮಗೆ ಏನು ಗೊತ್ತಿತ್ತು, ಯಾವಾಗ ಗೊತ್ತಾಯ್ತು’ ಅಂತ ಮೇಡಂ ಹಾಳೆ ಚಾಚಿದಳು. ಕೊಡುವಾಗ ‘ಯಾಕಕ್ಕಾ ಹೀಗ್ ಮಾಡಿದ್ರಿ’ ಎಂದು ಮೆಲ್ಲಗೆ ಅಂದಳು. ಅಷ್ಟು ವರ್ಷದ ಮೇಲೆ ಬಂದ ಅಕ್ಕ ಅನ್ನುವ ಮಾತು ಹೀಗೆ ಬಂತು.

ಹಾಳೆ ಹಿಡಿದು ಉದ್ದನೆ ಓಣಿಯಲ್ಲಿ ನಿಂತಳು. ಒಂದು ಬೆಂಚು ಇತ್ತು, ಕೂತಳು. ‘ನನಗೆ ಗೊತ್ತಿರಲಿಲ್ಲ’ ಅಂತ ಶುರು ಮಾಡಬೇಕು. ಪೆನ್ನು ಹಾಳೆಗೆ ತಾಗಿಸಿ ತಡೆದಳು. ಅಷ್ಟರಲ್ಲಿ ಜೇಬಿನಲ್ಲಿ ಮೊಬೈಲು ನಡುಗಿತು. ಅಮ್ಮ. ಗಂಡ ಫೋನು ಮಾಡಿರಬೇಕು, ಆ ಇಬ್ಬರ ನಡುವೆ ಸುದ್ದಿ ನಿಲ್ಲೋದಿಲ್ಲ.

‘ಹೇಳಿಬಿಟ್ಟೆಯೇನೇ?’ ಅಂದಳು ಅಮ್ಮ.

‘ಹೇಳಿದೆ.’

ಅಮ್ಮನ ಹಿಂದೆ ಎಲ್ಲೋ ಒಂದು ಬಾಗಿಲು ಹಾಕಿಕೊಂಡ ಸದ್ದು. ಇವಳು ಬೈಗುಳಕ್ಕೆ ಕಾದಳು. ಬಂದಿದ್ದರೆ ತಿರುಗಿ ಕೊಡಲು ಬೆಳಗ್ಗೆಯಿಂದ ಕೂಡಿಟ್ಟುಕೊಂಡದ್ದು ಬೇಕಾದಷ್ಟಿತ್ತು. ನನ್ನ ಹೆಸರು ಪಣಕ್ಕಿಟ್ಟು ಆಟ ಆಡಿದೆಯಲ್ಲಮ್ಮಾ, ಹೆತ್ತ ಮಗಳ ಕಣ್ಣಿಗೆ ಮಣ್ಣೆರಚಿದೆಯಲ್ಲ, ನನ್ನ ಗಂಡನನ್ನೂ ನಿನ್ನ ಕಡೆ ಮಾಡಿಕೊಂಡೆಯಲ್ಲ.

‘ನಿನಗೆ ಗೊತ್ತಿದೆ ಅಂತಾನೇ ಅಂದ್ಕೊಂಡಿದ್ದೆ ಕಣೆ ನಾನು’ ಅಂದಳು ಅಮ್ಮ. ‘ಅವನು ಹೇಳ್ತಿದ್ದ, ಇಲ್ಲ ಅತ್ತೆ, ಅವಳಿಗೆ ಗೊತ್ತಿಲ್ಲ ಅಂತ. ಹುಚ್ಚು ಅವನಿಗೆ ಅಂದ್ಕೊಂಡೆ. ಅಷ್ಟು ಓದಿದೋಳು, ದಿನಾ ಅದೇ ಕೆಲಸ ಮಾಡೋಳು. ಗೊತ್ತಿದ್ದೂ ಒಂದು ಮಾತು ಆಡದೆ ಅಮ್ಮನ ಮಾನ ಕಾಯ್ತಿದಾಳೆ ನನ್ನ ಮಗಳು ಅಂದ್ಕೊಂಡಿದ್ದೆ. ನೀನು ಅವರನ್ನೆಲ್ಲ ಕರ್ಕೊಂಡು ಬಂದು ಫೋಟೋ ತೆಗೆಸಿದಾಗಲೂ ಹೆದರಿಕೆ ಆಯ್ತು, ಆದ್ರೂ ಇವಳು ಏನೋ ದಾರಿ ಮಾಡಿರ್ತಾಳೆ ಅಂತ ನಿಂತ್ಕೊಂಡೆ. ರಾತ್ರಿ ಹೊತ್ತು ಎಷ್ಟು ಸಲ ಅಂದ್ಕೊಂಡಿದೀನಿ ಗೊತ್ತಾ, ಇನ್ಯಾರಿಗೆ ಇದ್ದಾಳೆ ಇಂಥ ಮಗಳು ಅಂತ.’

‘ಗೊತ್ತಿರಲಿಲ್ಲ ಅಮ್ಮ.’

‘ಮತ್ತೆ ಇಷ್ಟು ವರ್ಷ?’

‘ನಂಬಿದ್ದೆ.’

‘ಏನನ್ನ?’

‘ಸೊಪ್ಪನ್ನ.’

ಓಣಿಯ ಆ ತುದಿಯಿಂದ ಇಬ್ಬರು ಹುಡುಗಿಯರು ಗಾಜಿನ ಪೆಟ್ಟಿಗೆ ಹಿಡಿದು ಏನೋ ಮಾತಾಡಿಕೊಂಡು ಬಂದು, ಇವಳನ್ನು ದಾಟುವಾಗ ಮಾತು ನಿಲ್ಲಿಸಿ, ದಾಟಿದ ಮೇಲೆ ಮುಂದುವರಿಸಿದರು.

‘ಬರೀ ಸೊಪ್ಪನ್ನಾ?’ ಅಂದಳು ಅಮ್ಮ. ದನಿಯಲ್ಲಿ ಸಿಟ್ಟಿರಲಿಲ್ಲ. ಯಾರದೋ ಮನೆಯ ಪೆದ್ದು ಮಗುವನ್ನು ಕಂಡು ಅಯ್ಯೋ ಪಾಪ ಅನ್ನಿಸಿದಾಗ ಅಮ್ಮ ಹೀಗೇ ಕೇಳುತ್ತಿದ್ದಳು.

‘ಹೂಂ’ ಅಂದಳು ಅವಳು.